ಬ್ರಹ್ಮಾವರದವಳು

ಪೊಲೀಸ್ ತರಬೇತಿ ಶಾಲೆ, ನಾಲ್ಕನೇ ಬ್ಯಾರಕ್
೯ ಫೆಬ್ರವರಿ ೨೦೨೫, ಭಾನುವಾರ

ಅತ್ತೆಯವರಿಗೆ ಮೋಕ್ಷಿತಾಳ ನಮಸ್ಕಾರಗಳು.

ನಾನು ಸುಖವಾಗಿ ಬಂದು ತಲುಪಿದೆ. ಇಲ್ಲಿ ಬಂದ ದಿನವೇ ಎಲ್ಲರ ಫೋನು ತೆಗೆದಿಟ್ಟುಕೊಂಡರು. ಭಾನುವಾರ ಹತ್ತು ನಿಮಿಷ ಕೊಡುತ್ತಾರೆ. ನಿಮ್ಮ ಮಗ ಆ ಹೊತ್ತಿಗೆ ಬೋಟಿನಿಂದ ದಡಕ್ಕೆ ಬಂದಿದ್ದರೆ ಆ ಹತ್ತು ನಿಮಿಷ ಅವರಿಗೇ ಸಾಲುವುದಿಲ್ಲ. ಆದ್ದರಿಂದ ಪತ್ರ ಬರೆಯುತ್ತಿದ್ದೇನೆ. ಇನ್ನು ಒಂಬತ್ತು ತಿಂಗಳು ಹೀಗೆಯೇ.

ನಾನು ಹೊರಡುವ ಮುಂಚಿನ ಮೂರು ದಿನ ನೀವು ನನ್ನ ಹತ್ತಿರ ಮಾತಾಡಲಿಲ್ಲ. ಅದನ್ನು ಈಗ ಎತ್ತುವುದಿಲ್ಲ. ಅಕ್ವೇರಿಯಂ ವಿಷಯ ಮಾತ್ರ ಬರೆಯುತ್ತೇನೆ. ಮಾವ ಐಸ್ ಪ್ಲಾಂಟಿಗೆ ಹೋಗುತ್ತಾರೆ, ಜಿತೇಂದ್ರ ತಿಂಗಳಿಗೆ ಇಪ್ಪತ್ತು ದಿನ ಕಡಲಿನಲ್ಲಿ. ಮನೆಯಲ್ಲಿರುವವರು ನೀವೊಬ್ಬರೇ, ಬೇರೆ ದಾರಿ ಇಲ್ಲದೆ ನಿಮಗೆ ವಹಿಸಿ ಬಂದಿದ್ದೇನೆ.

ಗೋಡೆಗೆ ಅಂಟಿಸಿದ ಚೀಟಿಯಲ್ಲಿ ಎಲ್ಲ ಇದೆ, ಆದರೂ ಇನ್ನೊಮ್ಮೆ. ದೀಪ ಮಧ್ಯಾಹ್ನ ಮೂರಕ್ಕೆ ತಾನಾಗಿ ಹತ್ತಿ ಒಂಬತ್ತಕ್ಕೆ ಆರುತ್ತದೆ, ಅದನ್ನು ಮುಟ್ಟಬೇಡಿ. ಮೀನಿಗೆ ದಿನಕ್ಕೊಂದು ಸಲ, ಎರಡು ಬೆರಳಿಗೆ ಸಿಗುವಷ್ಟೇ ಕಾಳು. ಶನಿವಾರ ಕಾಲುಭಾಗ ನೀರು ತೆಗೆದು, ಹಿಂದಿನ ದಿನ ಸೇದಿಟ್ಟ ಬಾವಿ ನೀರು ಹಾಕಬೇಕು. ಎಡಮೂಲೆಯಲ್ಲಿರುವ ಉದ್ದ ಎಲೆಯ ಗಿಡವನ್ನು ಮಾತ್ರ ಯಾವ ಕಾರಣಕ್ಕೂ ಕೀಳಬೇಡಿ. ಉಳಿದವೆಲ್ಲ ಅಂಗಡಿಯವು, ಹೋದರೆ ಇನ್ನೊಂದು ತರಬಹುದು. ಇದು ಬ್ರಹ್ಮಾವರದಲ್ಲಿ ನಮ್ಮ ಗದ್ದೆಯ ಪಕ್ಕ ಹರಿಯುವ ಸಣ್ಣ ತೋಡಿನದು. ಮದುವೆಯಾಗಿ ಬರುವಾಗ ಸ್ಟೀಲ್ ಡಬ್ಬಿಯಲ್ಲಿ ನೀರು ಹಾಕಿ ತಂದದ್ದು. ಆಮೇಲೆ ಆ ತೋಡಿಗೆ ಕಾಂಕ್ರೀಟು ಹಾಕಿದರು. ಈಗ ಇರುವುದು ಇದೊಂದೇ.

ಇತಿ,
ಮೋಕ್ಷಿತಾ


ಗಂಗೊಳ್ಳಿ
೨೦ ಫೆಬ್ರವರಿ ೨೦೨೫

ಮೋಕ್ಷಿತಾಳಿಗೆ ಅತ್ತೆಯ ಆಶೀರ್ವಾದಗಳು.

ಪೋಸ್ಟಿನವನು ನಿನ್ನ ಪತ್ರ ಕೊಡುವಾಗ ಕೇರಿಯ ನಾಲ್ಕು ಜನ ಕುತ್ತಿಗೆ ಉದ್ದ ಮಾಡಿ ನೋಡಿದರು. ಈಗ ಮನೆಗೆ ಪತ್ರ ಬಂದರೆ ಕೋರ್ಟಿನದೋ ಎಂದು ಕೇಳುವ ಕಾಲ. ನನಗೂ ಕಾಗದವೇ ಒಳ್ಳೆಯದು. ಫೋನಿನಲ್ಲಿ ನನ್ನದು ಸಂತೆಯ ದನಿ, ಗುಟ್ಟು ಎಂಬುದೇ ಉಳಿಯುವುದಿಲ್ಲ. ನಾನು ಓದಿದ್ದು ಏಳನೇ ಕ್ಲಾಸು. ಪತ್ರವನ್ನು ಪುಸ್ತಕದ ಕನ್ನಡದಲ್ಲೇ ಬರೆಯಬೇಕೆಂದು ಮಾಸ್ತರು ಕೋಲು ಹಿಡಿದು ಕಲಿಸಿದ್ದರು, ಹಾಗಾಗಿ ಹೀಗೆ ಬರೆಯುತ್ತಿದ್ದೇನೆ.

ಮೀನಿನ ತೊಟ್ಟಿ ನೀನು ಬಿಟ್ಟು ಹೋದ ಹಾಗೇ ಇದೆ. ಮೂವತ್ತೈದು ವರ್ಷ ಶಂಕರನಾರಾಯಣ ಪೇಟೆಯ ತನಕ ಬುಟ್ಟಿ ಹೊತ್ತು ಮೀನು ಮಾರಿದವಳು ಈಗ ಕೂತು ಮೀನಿಗೆ ಊಟ ಬಡಿಸುತ್ತಿದ್ದೇನೆ. ನಿನ್ನ ಮಾವ ಮೊನ್ನೆ ಬಾಗಿಲಲ್ಲಿ ನಿಂತು, "ಹ್ವಾಯ್, ತಿಂಬುಕೆ ಆಪ್ದಲ್ಲ, ಮಾರುಕೆ ಆಪ್ದಲ್ಲ, ಈ ಮೀನ್ ಎಂತಕೆ ಮಾರಾಯ್ತಿ?" ಎಂದರು. "ನಿಮ್ಮನ್ನೂ ತಿಂಬುಕೆ ಆಪ್ದಲ್ಲ, ಮಾರುಕೆ ಆಪ್ದಲ್ಲ. ಸಾಕ್ತಾ ಇಲ್ಯಾ?" ಎಂದೆ. ತಿನ್ನಲೂ ಮಾರಲೂ ಆಗದ ಮೀನಿನ ಪ್ರಶ್ನೆ ಆಮೇಲೆ ಬಂದಿಲ್ಲ.

ಮೂರು ದಿನ ಮಾತಾಡದ ವಿಷಯ ಎತ್ತುವುದಿಲ್ಲ ಎಂದು ಬರೆದೇ ನೀನು ಅದನ್ನು ಎತ್ತಿದ್ದೀ. ನಾನೂ ಎತ್ತುವುದಿಲ್ಲ.

ಒಂದು ಕೇಳಬೇಕು. ದೀಪ ಹತ್ತಿ ಒಂದೆರಡು ಗಂಟೆಯಾದ ಮೇಲೆ ಎಲೆಗಳಿಂದ ಸೋಡಾದ ಹಾಗೆ ಸಣ್ಣ ಸಣ್ಣ ಗುಳ್ಳೆ ಏಳುತ್ತವೆ. ಒಂದೊಂದೇ ದಾರದ ಹಾಗೆ ಮೇಲಕ್ಕೆ ಹೋಗುತ್ತವೆ. ಏನದು? ಗಿಡ ಹಾಳಾಗುತ್ತಿದೆಯೇ?

ಇತಿ,
ನಿನ್ನ ಅತ್ತೆ


ತರಬೇತಿ ಶಾಲೆ
೫ ಮಾರ್ಚ್ ೨೦೨೫

ಅತ್ತೆಯವರಿಗೆ,

ಹಾಳಾಗುತ್ತಿಲ್ಲ. ಬೆಳಕು ಬಿದ್ದಾಗ ಗಿಡ ಆಮ್ಲಜನಕ ಬಿಡುತ್ತದೆ. ಗಾಳಿಯಲ್ಲಿರುವ ಗಿಡಗಳೂ ಬಿಡುತ್ತವೆ, ಆದರೆ ಅದು ನಮಗೆ ಕಾಣುವುದಿಲ್ಲ. ನೀರಿನಲ್ಲಿರುವುದರಿಂದ ಇದು ಕಾಣುತ್ತದೆ. ಗುಳ್ಳೆ ಎದ್ದರೆ ಗಿಡ ಚೆನ್ನಾಗಿದೆ ಎಂದೇ ಅರ್ಥ.

ದೀಪ ಹತ್ತುವುದು ಮೂರಕ್ಕೆ. ಎರಡು ಗಂಟೆ ನೀವು ಅದರ ಎದುರು ಕೂತಿದ್ದಿರಾ?

ಇತಿ,
ಮೋಕ್ಷಿತಾ


ಗಂಗೊಳ್ಳಿ
೨೪ ಮಾರ್ಚ್ ೨೦೨೫

ಮೋಕ್ಷಿತಾಳಿಗೆ ಆಶೀರ್ವಾದಗಳು.

ಕೂತಿದ್ದೆ. ಮೊಣಕಾಲು ನೋವಿಗೆ ಬುಟ್ಟಿ ಬಿಟ್ಟು ಎರಡು ವರ್ಷವಾಯಿತು. ಮಧ್ಯಾಹ್ನ ಮೂರರಿಂದ ಐದರ ತನಕ ನಾನು ಏನು ಮಾಡುತ್ತೇನೆ ಎಂದು ಈ ಮನೆಯಲ್ಲಿ ಯಾರೂ ಕೇಳಿದ್ದಿಲ್ಲ. ಈಗ ಮಣೆ ಹಾಕಿಕೊಂಡು ತೊಟ್ಟಿಯ ಎದುರು ಕೂರುತ್ತೇನೆ.

ಒಂದು ಸಂಗತಿ ಹೇಳುತ್ತೇನೆ, ನಗಬೇಡ. ಈ ಜನ್ಮದಲ್ಲಿ ನಾನು ಎಷ್ಟು ಸಾವಿರ ಮೀನಿನ ಕಣ್ಣು ನೋಡಿರಬೇಕು! ಹೊಳೆಯುತ್ತಿದ್ದರೆ ಇವತ್ತಿನದು, ಮಂಕಾಗಿದ್ದರೆ ನಿನ್ನೆಯದು. ಅದಕ್ಕಿಂತ ಹೆಚ್ಚು ನನಗೆ ಬೇಕಾಗಿರಲಿಲ್ಲ. ಮೀನಿನ ಕಣ್ಣು ಹೊರಳುತ್ತದೆ ಎಂಬುದು ಈ ಐವತ್ತೆಂಟನೇ ವಯಸ್ಸಿನಲ್ಲಿ ಗೊತ್ತಾಯಿತು. ನಾನು ಎಡಕ್ಕೆ ವಾಲಿದರೆ ಅದೂ ಎಡಕ್ಕೆ ನೋಡುತ್ತದೆ. ಅದಕ್ಕೆ ಗುರುತಿರುವುದು ನನ್ನದೋ, ನನ್ನ ಕೈಯ ಡಬ್ಬಿಯದೋ? ಪರೀಕ್ಷೆ ಮಾಡಿಯೇ ಬಿಟ್ಟೆ. ಡಬ್ಬಿಯನ್ನು ನಿನ್ನ ಮಾವನ ಕೈಗೆ ಕೊಟ್ಟು ಒಂದು ಬದಿಯಲ್ಲಿ ನಿಲ್ಲಿಸಿ, ನಾನು ಬರಿಗೈಯಲ್ಲಿ ಇನ್ನೊಂದು ಬದಿಗೆ ನಿಂತೆ. ಒಂಬತ್ತರಲ್ಲಿ ಆರು ನನ್ನ ಕಡೆಗೇ ಬಂದವು. ಮಾವ ಸಪ್ಪೆ ಮುಖ ಮಾಡಿಕೊಂಡು ಡಬ್ಬಿ ಇಟ್ಟು ಹೋದರು.

ಬಾಲ ಸ್ವಲ್ಪ ಹರಿದ ಒಂದು ಮೀನಿದೆಯಲ್ಲ, ಅದು ಪ್ರತಿ ಕಾಳನ್ನೂ ಬಾಯಿಗೆ ಹಾಕಿ ಉಗಿಯುತ್ತದೆ, ಮತ್ತೆ ಹಾಕಿ ಮತ್ತೆ ಉಗಿಯುತ್ತದೆ. ಅದಕ್ಕೆ ಅಪ್ಪಿ ಎಂದು ಹೆಸರಿಟ್ಟೆ. ಶಂಕರನಾರಾಯಣದಲ್ಲಿ ಅಪ್ಪಿ ಎಂಬ ಒಬ್ಬಳು ಗಿರಾಕಿ ಇದ್ದಳು. ಬುಟ್ಟಿಯಲ್ಲಿದ್ದ ಒಂದೊಂದು ಬಂಗುಡೆಯನ್ನೂ ಹೆಬ್ಬೆರಳಿನಿಂದ ಒತ್ತಿ, ಹಳ್ಳ ಬಿದ್ದರೆ ಹಳೆಯದು, ಹಿಂದಕ್ಕೆ ಉಬ್ಬಿದರೆ ಹೊಸದು ಎಂದು ನನಗೇ ಪಾಠ ಹೇಳಿ, ಕೊನೆಗೆ ನಾಲ್ಕು ಅಗ್ಗದ ಬೂತಾಯಿ ಮೀನು ಕೊಳ್ಳುತ್ತಿದ್ದಳು.

ನಿನ್ನ ಆ ಉದ್ದ ಎಲೆಯ ಗಿಡಕ್ಕೆ ಹೆಸರಿಲ್ಲವೇ? ನಾನು 'ಬ್ರಹ್ಮಾವರದವಳು' ಎನ್ನುತ್ತಿದ್ದೇನೆ. ಕೇರಿಯವರು ನಿನ್ನನ್ನು ಕರೆಯುವುದೂ ಹಾಗೆಯೇ, ನಿನಗೆ ಗೊತ್ತಿರಬಹುದು. ನಮ್ಮಲ್ಲಿ ಸೊಸೆಯಂದಿರಿಗೆ ಊರೇ ಹೆಸರು. ನಾನು ಈ ಮನೆಗೆ ಬಂದು ಮೂವತ್ತೆಂಟು ವರ್ಷವಾಯಿತು, ಇನ್ನೂ 'ಮರವಂತೆಯವಳು'. ಪದ್ದು ಎಂದು ಕರೆಯುವವರು ಈಗ ಯಾರೂ ಉಳಿದಿಲ್ಲ.

ಮೀನು ನಿದ್ದೆ ಮಾಡುತ್ತದೆಯೇ? ರೆಪ್ಪೆಯೇ ಇಲ್ಲವಲ್ಲ.

ಇತಿ,
ನಿನ್ನ ಅತ್ತೆ


ತರಬೇತಿ ಶಾಲೆ
೬ ಏಪ್ರಿಲ್ ೨೦೨೫, ಭಾನುವಾರ

ಅತ್ತೆಗೆ ನಮಸ್ಕಾರ.

ಮಾಡುತ್ತದೆ. ದೀಪ ಆರಿದ ಮೇಲೆ ತಳದ ಹತ್ತಿರ ಅಲುಗಾಡದೆ ನಿಂತಿರುತ್ತವೆ, ಅದೇ ನಿದ್ದೆ. ಗಿಡಕ್ಕೆ ಪುಸ್ತಕದಲ್ಲಿ ಉದ್ದದ ಒಂದು ಹೆಸರಿದೆ, ಅದು ನನ್ನ ನಾಲಿಗೆಗೇ ಸರಿಯಾಗಿ ಬರುವುದಿಲ್ಲ. ನೀವಿಟ್ಟದ್ದೇ ಇರಲಿ. ನಿಮ್ಮನ್ನು ಪದ್ದು ಎಂದು ಕರೆಯುತ್ತಿದ್ದರು ಎಂಬುದು ನನಗೆ ಗೊತ್ತಿರಲಿಲ್ಲ. ಆಧಾರ್ ಕಾರ್ಡಿನಲ್ಲಿ ಪದ್ಮಾವತಿ ಎಂದಿದೆ.

ಇಲ್ಲಿ ಮೈದಾನದ ಆಚೆ ಒಂದು ಹಳೆಯ ಕಲ್ಲಿನ ತೊಟ್ಟಿಯಲ್ಲಿ ಜಲಗಿಡದ ಒಂದು ಎಳೆ ಸಿಕ್ಕಿತು. ಸ್ಟೀಲ್ ಲೋಟದಲ್ಲಿ ಹಾಕಿ ಕಿಟಕಿಯಲ್ಲಿ ಇಟ್ಟಿದ್ದೇನೆ. ತಪಾಸಣೆಗೆ ಬಂದ ಮೇಡಂ ಅದನ್ನು ನೋಡಿ, ಬೈಯುತ್ತಾರೆ ಎಂದುಕೊಂಡರೆ, "ಉಳಿದ ಲೋಟಗಳ ಸಾಲಿಗೇ ಇಡು" ಎಂದಷ್ಟೇ ಹೇಳಿ ಹೋದರು. ದಿನಾ ಐದು ಕಿಲೋಮೀಟರ್ ಓಟ. ಮುಂದಿನ ತಿಂಗಳಿನಿಂದ ಎಂಟು.

ಏಪ್ರಿಲ್ ಬಂತು, ಸೆಕೆಗೆ ತೊಟ್ಟಿಯ ನೀರು ಕಾಯುತ್ತದೆ. ಬ್ರಹ್ಮಾವರದವಳಿಗೆ ಅದು ಆಗುವುದಿಲ್ಲ. ನೀರು ತಂಪಾಗಿರುವ ಹಾಗೆ ನೋಡಿಕೊಳ್ಳಿ.

ಇತಿ,
ಮೋಕ್ಷಿತಾ


ಗಂಗೊಳ್ಳಿ
೨ ಮೇ ೨೦೨೫

ಮೋಕ್ಷಿತಾಳಿಗೆ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ಸೆಕೆ ಹೇಳಿ ಪ್ರಯೋಜನವಿಲ್ಲ. ಆಚೆಮನೆಯ ಚಂದನಾಳಿಗೆ ಮದುವೆ ಗೊತ್ತಾಯಿತು, ಹುಡುಗ ಬೈಂದೂರಿನವನು, ಮುಂಬೈಯಲ್ಲಿ ಹೋಟೆಲಿನಲ್ಲಿ ಇದ್ದವನು ಈಗ ಊರಿಗೇ ಬಂದಿದ್ದಾನಂತೆ. ಮಿಡಿ ಮಾವಿನಕಾಯಿ ಈ ಸಲ ತಡವಾಗಿ ಬಂತು, ಎರಡು ಭರಣಿ ಉಪ್ಪಿನಕಾಯಿ ಹಾಕಿದೆ, ಒಂದು ನಿನಗೆಂದೇ ಕಟ್ಟಿ ಅಟ್ಟದ ಮೇಲೆ ಇಟ್ಟಿದ್ದೇನೆ. ಜಿತನ ಬೋಟಿನ ಬಲೆ ಕಲ್ಲಿಗೆ ಸಿಕ್ಕಿ ಹರಿಯಿತು, ನಾಲ್ಕು ದಿನ ದಡದಲ್ಲೇ ಕೂತು ಹೊಲಿದರು. ನಿನ್ನ ಮಾವನಿಗೆ ಕೆಮ್ಮು ಇತ್ತು, ಈಗ ಇಲ್ಲ. ಬಂದರಿನಲ್ಲಿ ಹೊಸ ಲೈಟು ಹಾಕಿದ್ದಾರೆ. ಬಸ್ಸಿನ ಹೊತ್ತು ಬದಲಾಗಿದೆ. ನಿನ್ನ ಸೀರೆಗಳನ್ನು ಒಮ್ಮೆ ಬಿಸಿಲಿಗೆ ಹಾಕಿ ಮಡಚಿಟ್ಟೆ. ಬೇರೆ ಏನೂ ವಿಶೇಷವಿಲ್ಲ.

ಇತಿ,
ನಿನ್ನ ಅತ್ತೆ


ತರಬೇತಿ ಶಾಲೆ
೧೧ ಮೇ ೨೦೨೫, ಭಾನುವಾರ

ಅತ್ತೆಗೆ,

ಚಂದನಾಳ ಹುಡುಗ, ಉಪ್ಪಿನಕಾಯಿ, ಬಲೆ, ಕೆಮ್ಮು, ಬಸ್ಸು ಎಲ್ಲ ಓದಿದೆ. ಪತ್ರದಲ್ಲಿ ತೊಟ್ಟಿ ಇಲ್ಲ. ಅಪ್ಪಿ ಇಲ್ಲ. ಒಂದು ಪ್ರಶ್ನೆಯೂ ಇಲ್ಲ.

ಏನಾಯಿತು?

ಮೋಕ್ಷಿತಾ


ಗಂಗೊಳ್ಳಿ
೨೩ ಮೇ ೨೦೨೫

ಮೋಕ್ಷಿತಾ,

ನೀನು ಪೊಲೀಸು ಆಗುವುದರಲ್ಲಿ ನನಗೆ ಇನ್ನು ಸಂಶಯವಿಲ್ಲ. ಹೇಳಿಬಿಡುತ್ತೇನೆ.

ತಂಪಾಗಿರುವ ಹಾಗೆ ನೋಡಿಕೊಳ್ಳಿ ಎಂದು ಬರೆದಿದ್ದೆಯಲ್ಲ. ಏಪ್ರಿಲ್ ಕೊನೆಗೆ ಒಂದು ದಿನ ನೀರಿಗೆ ಕೈ ಹಾಕಿದರೆ ಸ್ನಾನದ ನೀರಿನ ಹಾಗಿತ್ತು. ಮೀನುಗಳು ಮೇಲೆ ಬಂದು ಬಾಯಿ ಬಿಡುತ್ತಿದ್ದವು. ಸೆಕೆಯಲ್ಲಿ ಮೀನು ಕೆಡದ ಹಾಗೆ ನೋಡಿಕೊಳ್ಳಲು ನನಗೆ ಗೊತ್ತಿರುವುದು ಒಂದೇ ಉಪಾಯ. ನಿನ್ನ ಮಾವನಿಗೆ ಹೇಳಿ ಪ್ಲಾಂಟಿನಿಂದ ಐಸ್ ತರಿಸಿದೆ. ಕುಟ್ಟಿ ಪುಡಿ ಮಾಡಿ, ಬುಟ್ಟಿಗೆ ಹಾಕುವ ಹಾಗೆ ಒಂದು ಬೋಗುಣಿ ತುಂಬ ಹಾಕಿದೆ. ನೀರು ತಂಪಾಯಿತು ಎಂದು ಖುಷಿಯಾಯಿತು ನನಗೆ. ಸಂಜೆಯೊಳಗೆ ಎರಡು ಮೀನು ಮಗುಚಿದವು. ಒಂದು ಅಪ್ಪಿ.

ದಡಕ್ಕೆ ಬಂದ ಜಿತ ನೋಡಿ ತಲೆಗೆ ಕೈ ಹೊತ್ತ. "ಅಮ್ಮ, ಐಸ್ ಹಾಕೂದ್ ಸತ್ತ್ ಮೀನಿಗೆ. ಜೀವ ಇಪ್ಪ ಮೀನಿಗ್ ಅಲ್ಲ" ಎಂದ. ನನಗೆ ನಾಚಿಕೆಯಾದದ್ದು ಅಷ್ಟಿಷ್ಟಲ್ಲ. ಇಷ್ಟು ವರ್ಷದಲ್ಲಿ ಜೀವ ಇರುವ ಮೀನು ನನ್ನ ಕೈಗೆ ಬಂದದ್ದೇ ಇಲ್ಲ ಎಂದು ಆಗ ಹೊಳೆಯಿತು.

ಮೂರನೇ ದಿನ ಬ್ರಹ್ಮಾವರದವಳ ಎಲೆ ಗಾಜಿನ ಹಾಗೆ ಆಯಿತು. ವಾರದೊಳಗೆ ಎಲ್ಲ ಎಲೆಯೂ ಗಂಜಿಯಾಗಿ ಕರಗಿ ಹೋದವು. ಈಗ ಆ ಮೂಲೆಯಲ್ಲಿ ಬರೀ ಮರಳು.

ಮೇ ಎರಡರಂದು ಆ ಸುಳ್ಳು ಪತ್ರ ಹಾಕಿದ ಮಾರನೇ ದಿನ ಬಸ್ಸು ಹತ್ತಿ ಬ್ರಹ್ಮಾವರಕ್ಕೆ ಹೋದೆ. ತೋಡಿಗೆ ಕಾಂಕ್ರೀಟು ಹಾಕಿದ್ದಾರೆ ಎಂದು ನೀನು ಬರೆದದ್ದು ನೆನಪಿತ್ತು, ಆದರೂ ಹೋದೆ. ನಿನ್ನ ಅಪ್ಪಯ್ಯ ಕಾಫಿಯ ಲೋಟ ಹಿಡಿದುಕೊಂಡೇ ನನ್ನ ಹಿಂದೆ ನಡೆದರು. "ಪದ್ಮಕ್ಕ, ಎಂತ ಹುಡುಕ್ತ್ರಿ? ಎಂತಾರೂ ಬಿದ್ದ್ ಹೋಯ್ತಾ?" ಎಂದು ಕೇಳಿದರು. ನಾನು ಬಗ್ಗಿ ತೋಡು ನೋಡುತ್ತಲೇ ನಡೆದೆ. ಎರಡು ಬದಿಗೂ ಕಾಂಕ್ರೀಟು, ತಳಕ್ಕೂ ಕಾಂಕ್ರೀಟು. ಒಂದು ಎಲೆ ಇರಲಿಲ್ಲ.

ಸಿಕ್ಕಿದ್ದರೆ ತಂದು ಅದೇ ಮೂಲೆಯಲ್ಲಿ ನೆಟ್ಟು ಸುಮ್ಮನಿರುತ್ತಿದ್ದೆ, ನಿನಗೆ ಗೊತ್ತೂ ಆಗುತ್ತಿರಲಿಲ್ಲ. ನಿನ್ನೆಯ ಮೀನನ್ನು ಇವತ್ತಿನದು ಎಂದು ನಾನು ಯಾವತ್ತೂ ಮಾರಿದವಳಲ್ಲ, ಈ ವಯಸ್ಸಿನಲ್ಲಿ ಅದಕ್ಕೂ ಹೊರಟಿದ್ದೆ. ತಪ್ಪಾಯಿತು ಮಗಾ. ನಿನ್ನ ತವರಿನದೆಂದು ಉಳಿದಿದ್ದ ಒಂದನ್ನು ನಾನು ಕೊಂದೆ.

ಬೇರೆ ಒಂದು ಮಾತು. ನಿನ್ನ ಹಿಂದಿನ ಪತ್ರದ ಅಕ್ಷರ ಇಳಿಜಾರಾಗಿತ್ತು. ಮಲಗಿಕೊಂಡು ಬರೆದದ್ದೇ? ನನ್ನನ್ನು ಏನಾಯಿತು ಎಂದು ಕೇಳಿದೆ. ನಿನಗೆ ಏನಾಗಿದೆ?

ಇತಿ,
ನಿನ್ನ ಅತ್ತೆ


ತರಬೇತಿ ಶಾಲೆ
೩ ಜೂನ್ ೨೦೨೫

ಅತ್ತೆಗೆ,

ಮೊದಲು ಇದನ್ನು ಓದಿ. ಮರಳನ್ನು ಕೆದಕಬೇಡಿ, ಆ ಮೂಲೆಯಲ್ಲಿ ಬೇರೇನೂ ನೆಡಬೇಡಿ. ಈ ಜಾತಿಯ ಗಿಡ ನೀರು ತಟಕ್ಕನೆ ಬದಲಾದರೆ ಎಲೆಯನ್ನೆಲ್ಲ ಕರಗಿಸಿ ಬಿಟ್ಟುಬಿಡುತ್ತದೆ. ಬೇರಿನ ಗೆಡ್ಡೆ ಉಳಿದಿದ್ದರೆ ಮತ್ತೆ ಬರಬಹುದು. ಬರದೆಯೂ ಇರಬಹುದು. ತಪ್ಪು ನನ್ನದೂ ಹೌದು. ಫ್ಯಾನ್ ಹಾಕಿ, ಮುಚ್ಚಳ ತೆಗೆದಿಡಿ ಎಂದು ಬರೆಯಬೇಕಿತ್ತು. ಐಸ್ ಪ್ಲಾಂಟಿನವರ ಮನೆಗೆ ತಂಪು ಎಂದಷ್ಟೇ ಬರೆದು ಕಳಿಸಿದೆ.

ನಿಮ್ಮ ಪತ್ರ ಓದಿ ಅತ್ತುಬಿಟ್ಟೆ. ಗಿಡಕ್ಕಾಗಿ ಮಾತ್ರ ಎಂದು ಹೇಳಿದರೆ ಸುಳ್ಳಾಗುತ್ತದೆ. ಮೇ ಮೊದಲ ವಾರ ಓಡುವಾಗ ಕಾಲಿನ ಎಲುಬು ಬಿರುಕು ಬಿಟ್ಟಿತು. ಆರು ವಾರ ಹಾಸಿಗೆ. ನನ್ನ ಬ್ಯಾಚಿನವರು ಮುಂದೆ ಹೋದರು. ನನ್ನನ್ನು ಮುಂದಿನ ಬ್ಯಾಚಿಗೆ ಹಾಕುತ್ತಾರಂತೆ, ನವೆಂಬರಿಗೆ ಮುಗಿಯಬೇಕಾದದ್ದು ಬರುವ ಫೆಬ್ರವರಿಗೆ ಹೋಗುತ್ತದೆ. ಜಿತೇಂದ್ರರಿಗೆ ಫೋನಿನಲ್ಲಿ ಹೇಳಿಲ್ಲ. ಬಾ ಎಂದರೆ ಬಂದೇಬಿಡುತ್ತೇನೆ ಎಂಬ ಹೆದರಿಕೆ. ತರಬೇತಿ ಬಿಡುತ್ತೇನೆಂದು ಅರ್ಜಿ ಬರೆದು ದಿಂಬಿನ ಕೆಳಗೆ ಇಟ್ಟಿದ್ದೇನೆ. ಕೊಡಲೇ? ನಿಮಗೆ ಹೇಗೂ ಇದು ಬೇಡವಾಗಿತ್ತು. ನಿಮ್ಮನ್ನೇ ಕೇಳುತ್ತಿದ್ದೇನೆ.

ಮೋಕ್ಷಿತಾ


ಗಂಗೊಳ್ಳಿ
೧೨ ಜೂನ್ ೨೦೨೫

ಮೋಕ್ಷಿತಾ,

ಅರ್ಜಿ ಹರಿದು ಹಾಕು.

ನಿನ್ನ ಪತ್ರ ಬಂದ ಕೂಡಲೇ ತೊಟ್ಟಿಗೆ ಕೈ ಹಾಕಿದೆ. ಕೆದಕಲಿಲ್ಲ, ಹೆದರಬೇಡ. ಎರಡು ಬೆರಳನ್ನು ಮೆಲ್ಲಗೆ ಮರಳಿನೊಳಗೆ ಇಳಿಸಿದೆ. ಗೆಡ್ಡೆ ಸಿಕ್ಕಿತು. ಹೆಬ್ಬೆರಳಿನಿಂದ ಒತ್ತಿ ನೋಡಿದೆ, ಅಪ್ಪಿ ಬಂಗುಡೆ ಒತ್ತಿದ ಹಾಗೆ. ಕೊಳೆತಿದ್ದರೆ ಬೆರಳು ಒಳಗೆ ಹೋಗಬೇಕು. ಹೋಗಲಿಲ್ಲ. ಗಟ್ಟಿ ಇದೆ. ಕೈ ತೆಗೆದು ಮೂಸಿ ನೋಡಿದೆ, ಕೊಳೆತ ವಾಸನೆ ಇಲ್ಲ, ಮಣ್ಣಿನ ವಾಸನೆ. ಪುಸ್ತಕದಲ್ಲಿ ಏನಿದೆಯೋ ನನಗೆ ಗೊತ್ತಿಲ್ಲ. ಕೆಟ್ಟದ್ದು ಯಾವುದು, ಕೆಡದೆ ಇರುವುದು ಯಾವುದು ಎಂಬುದರಲ್ಲಿ ನನ್ನ ಕೈ ತಪ್ಪುವುದಿಲ್ಲ. ಅವಳು ಇದ್ದಾಳೆ.

ಇನ್ನು ಆ ಮೂರು ದಿನದ ವಿಷಯ. ನೀನು ಪೊಲೀಸು ಆಗುವುದು ನನಗೆ ಬೇಡವಾಗಿತ್ತು ಎಂದು ತಿಳಿದಿದ್ದೀ. ಅದಲ್ಲ. ಜಿತ ಆರು ತಿಂಗಳ ಕೂಸಾಗಿದ್ದಾಗ ನಾನು ಬುಟ್ಟಿ ಎತ್ತಿದೆ. ಮೊದಲ ಬಸ್ಸಿಗೆ ಹೋದರೆ ಮನೆ ಮುಟ್ಟುವಾಗ ಮಧ್ಯಾಹ್ನ ಎರಡು. ಅವನು ಮೊದಲ ಸಲ ಅಮ್ಮ ಎಂದದ್ದು ನನ್ನ ಅತ್ತೆಯನ್ನು. ಅವನಿಗೆ ಯಾವ ಸಾರು ಇಷ್ಟ ಎಂದು ನನಗೆ ಬೇರೆಯವರು ಹೇಳಬೇಕಾಯಿತು. ಯಾರೂ ನನ್ನನ್ನು ಹೊರಗೆ ಹಾಕಲಿಲ್ಲ. ದಿನವೂ ಹೊರಗೆ ಹೋಗುವವಳ ಜಾಗ ಮನೆಯಲ್ಲಿ ತಾನಾಗಿ ಮುಚ್ಚಿಹೋಗುತ್ತದೆ, ಅಷ್ಟೇ. ಒಂಬತ್ತು ತಿಂಗಳು ಹೋಗುವ ನಿನಗೂ ಹಾಗಾದೀತೆಂದು ನನಗೆ ಹೆದರಿಕೆಯಿತ್ತು. ಅದನ್ನು ಹೇಳಲು ಬರಲಿಲ್ಲ, ಮಾತು ಬಿಟ್ಟೆ.

ಈಗ ಹೇಳುತ್ತೇನೆ. ನಿನ್ನ ಜಾಗವನ್ನು ನಾನು ನೋಡಿಕೊಳ್ಳುತ್ತೇನೆ, ಅದಕ್ಕೆ ಐಸ್ ಹಾಕುವುದಿಲ್ಲ. ಮುಗಿಸಿಕೊಂಡು ಬಾ.

ಜಿತನಿಗೆ ಕಾಲಿನ ವಿಷಯ ನಾನೇ ಹೇಳಿದೆ. ಈಗ ಮಳೆಗಾಲ, ಬೋಟು ಬಂದ್, ಮನೆಯಲ್ಲೇ ಇದ್ದಾನೆ. ಎದ್ದು ತೊಟ್ಟಿಯ ಹತ್ತಿರ ಹೋಗಿ, "ಬಪ್ಪ ವಾರ ನೀರ್ ಬದಲ್ಸೂದ್ ನಾನ್ ಮಾಡ್ತೆ" ಎಂದ. ಅವನಿಗೆ ಬೇಸರ ಹೇಳಲು ಬರುವುದು ಅಷ್ಟೇ. ನನ್ನ ಮಗನಲ್ಲವೇ.

ಇತಿ,
ನಿನ್ನ ಅತ್ತೆ


ತರಬೇತಿ ಶಾಲೆ
೨೪ ಆಗಸ್ಟ್ ೨೦೨೫, ಭಾನುವಾರ

ಅತ್ತೆಗೆ ನಮಸ್ಕಾರ.

ಪತ್ರ ತಡವಾಯಿತು, ಕ್ಷಮಿಸಿ. ಅರ್ಜಿಯನ್ನು ಅವತ್ತೇ ಹರಿದೆ. ಕಾಲು ಕೂಡಿಕೊಂಡಿದೆ. ಹೊಸ ಬ್ಯಾಚಿನಲ್ಲಿ ನಾನೇ ಎಲ್ಲರಿಗಿಂತ ಹಿಂದೆ ಓಡುತ್ತೇನೆ, ಆದರೆ ಓಡುತ್ತೇನೆ. ಮೊದಲ ದಿನ ಎರಡು ಸುತ್ತು ಮುಗಿಸಿ ಬಂದು ಯಾರೂ ಕಾಣದ ಹಾಗೆ ಅತ್ತುಬಿಟ್ಟೆ.

ಮೂಲೆಯಲ್ಲಿ ಏನಾದರೂ ಕಾಣುತ್ತಿದೆಯೇ? ಕಾಣದಿದ್ದರೂ ಬರೆಯಿರಿ. ಉಪ್ಪಿನಕಾಯಿಯ ಪತ್ರ ಮಾತ್ರ ಬೇಡ.

ಇತಿ,
ಮೋಕ್ಷಿತಾ


ಗಂಗೊಳ್ಳಿ
೬ ಸೆಪ್ಟೆಂಬರ್ ೨೦೨೫

ಮೋಕ್ಷಿತಾಳಿಗೆ ಆಶೀರ್ವಾದಗಳು.

ನಾನೇ ಬರೆಯುವವಳಿದ್ದೆ. ಆದರೆ ನಿಜವೆಂದು ಗಟ್ಟಿಯಾಗುವ ತನಕ ಬರೆಯಬಾರದು ಎಂದುಕೊಂಡೆ. ಒಮ್ಮೆ ಸುಳ್ಳು ಬರೆದವಳಿಗೆ ಹೆದರಿಕೆ ಜಾಸ್ತಿ.

ಜುಲೈ ಕೊನೆಗೆ ಮರಳಿನಿಂದ ಸೂಜಿಯ ಹಾಗೆ ಒಂದು ಎದ್ದಿತು. ಕಸವೆಂದು ತಿಳಿದೆ. ಮಾರನೇ ದಿನ ನೋಡಿದರೆ ಕಸ ಉದ್ದವಾಗಿದೆ. ನಿನ್ನ ಮಾವನನ್ನು ಕರೆದು ತೋರಿಸಿದೆ. ಕನ್ನಡಕ ಹಾಕಿ, ತೆಗೆದು, ಮತ್ತೆ ಹಾಕಿ ನೋಡಿ, "ಹೌದ್ ಮಾರಾಯ್ತಿ, ಬ್ರಹ್ಮಾವರದವ್ಳ್ ಬಂದ್ಳ್!" ಎಂದು ಕೂಗಿದರು. ನೀನೇ ಬಂದೆ ಎಂದು ಚಂದನಾಳ ಅಮ್ಮ ಸೌಟು ಹಿಡಿದುಕೊಂಡೇ ಓಡಿ ಬಂದಳು. ಅವಳಿಗೆ ಒಂದು ಹುಲ್ಲೆಸಳು ತೋರಿಸಿದೆವು. ಈಗ ನಮಗೆ ತಲೆ ಸರಿಯಿಲ್ಲ ಎಂದು ಕೇರಿಯೆಲ್ಲ ಸುದ್ದಿ.

ಈಗ ಐದು ಎಲೆ ಇವೆ. ಆದರೆ ಮೊದಲಿನ ಹಾಗಿಲ್ಲ. ಮೊದಲು ಅಗಲ, ತಿಳಿ ಹಸಿರು. ಈಗ ಸಪೂರ, ಬಣ್ಣ ಸ್ವಲ್ಪ ಕಂದು, ಅಂಚಿನಲ್ಲಿ ನೆರಿಗೆ. ಇದು ಅವಳೇ ಹೌದೋ? ಒಂದೇ ಗೆಡ್ಡೆಯಿಂದ ಬೇರೆ ಎಲೆ ಹೇಗೆ ಬರುತ್ತದೆ? ಅಂದವಾಗಿಯೇ ಇದೆ, ಅದು ಬೇರೆ ಮಾತು. ಗುಳ್ಳೆಯೂ ಏಳುತ್ತಿದೆ.

ಏಳು ಮೀನೂ ಇವೆ. ಅಪ್ಪಿಯ ಹೆಸರನ್ನು ಬೇರೆಯದಕ್ಕೆ ಕೊಟ್ಟಿಲ್ಲ.

ಇತಿ,
ನಿನ್ನ ಅತ್ತೆ


ತರಬೇತಿ ಶಾಲೆ
೧ ಫೆಬ್ರವರಿ ೨೦೨೬, ಭಾನುವಾರ

ಅತ್ತೆಗೆ ನಮಸ್ಕಾರ.

ಇದು ಇಲ್ಲಿಂದ ಕೊನೆಯ ಪತ್ರ. ಈ ತಿಂಗಳು ಇಪ್ಪತ್ತಕ್ಕೆ ಪರೇಡ್, ಇಪ್ಪತ್ತೆರಡಕ್ಕೆ ಮನೆ. ನನ್ನನ್ನು ನೋಡಿ ಗಾಬರಿಯಾಗಬೇಡಿ. ಕೂದಲು ಕುತ್ತಿಗೆಯ ತನಕ ಮಾತ್ರ ಇದೆ, ಬಿಸಿಲಿಗೆ ಕಪ್ಪಾಗಿದ್ದೇನೆ, ಐದು ಕಿಲೋ ಇಳಿದಿದ್ದೇನೆ. ಒಂದೇ ಗೆಡ್ಡೆಯಿಂದ ಬೇರೆ ಎಲೆ ಹೇಗೆ ಬರುತ್ತದೆ ಎಂದು ಕೇಳಿದ್ದಿರಲ್ಲ. ಸಿಕ್ಕ ನೀರಿಗೆ, ಸಿಕ್ಕ ಬೆಳಕಿಗೆ ತಕ್ಕ ಹಾಗೆ ಎಲೆ ಬರುತ್ತದಂತೆ. ಗಿಡ ಅದೇ.

ಮೊದಲ ಕೆಲಸ ಬೈಂದೂರು ಕಡೆಯ ಠಾಣೆಗೆ ಆಗಿದೆ. ಹೊತ್ತುಗೊತ್ತಿಲ್ಲದ ಡ್ಯೂಟಿ, ಸದ್ಯಕ್ಕೆ ಅಲ್ಲೇ ಕ್ವಾರ್ಟರ್ಸಿನಲ್ಲಿ ಇರಬೇಕು. ರಜೆಯ ದಿನ ಬಸ್ಸು ಹತ್ತಿದರೆ ಮನೆ. ಫೋನಿನಲ್ಲಿ ಜಿತೇಂದ್ರ, "ಟೆಂಪೋ ತರ್ತೆ, ತೊಟ್ಟಿ ಬೈಂದೂರಿಗೆ ಹಾಕ್ವ" ಎಂದರು. ಬೇಡ ಎಂದೆ. ಮಧ್ಯಾಹ್ನ ಮೂರರಿಂದ ಐದರ ತನಕ ನೀವು ಏನು ಮಾಡುತ್ತೀರಿ ಎಂದು ನನಗೆ ಗೊತ್ತು. ತೊಟ್ಟಿ ನಿಮ್ಮ ಎದುರೇ ಇರಲಿ.

ಬ್ರಹ್ಮಾವರದವಳು ಮರಳಿನ ಅಡಿಯಿಂದ ಬಳ್ಳಿ ಬಿಟ್ಟು ಮರಿ ಮಾಡಿದ್ದಾಳೆ ಎಂದು ಜಿತೇಂದ್ರ ಹೇಳಿದರು. ಆ ಮರಿಯನ್ನು ನನಗೆ ಕೊಡುತ್ತೀರಾ?

ಇತಿ,
ಮೋಕ್ಷಿತಾ


ಗಂಗೊಳ್ಳಿ
೧೦ ಫೆಬ್ರವರಿ ೨೦೨೬

ಮೋಕ್ಷಿತಾಳಿಗೆ,

ತೊಟ್ಟಿಯನ್ನು ಒಯ್ಯುತ್ತೀಯೋ ಎಂದು ಕೇಳಬೇಕೆಂದು ಎರಡು ತಿಂಗಳಿನಿಂದ ಇದ್ದೆ, ಕೇಳಲು ಧೈರ್ಯವಿರಲಿಲ್ಲ. ನಿನ್ನದನ್ನು ನೀನು ಒಯ್ದರೆ ನಾನು ಏನು ಹೇಳಲಿಕ್ಕಾಗುತ್ತದೆ? ನಿನ್ನ ಪತ್ರ ಓದಿದ ಮೇಲೆ ಮಣೆಯ ಮೇಲೆ ಕೂತು ಸ್ವಲ್ಪ ಹೊತ್ತು ಅತ್ತೆ. ಮಾವ ಈರುಳ್ಳಿಯೋ ಎಂದು ಕೇಳಿದರು. ಹೌದು ಎಂದೆ.

ನೀನು ಮದುವೆಗೆ ತಂದ ಸ್ಟೀಲ್ ಡಬ್ಬಿಯಲ್ಲಿ ನಾನು ಹುಣಸೆಹಣ್ಣು ಇಟ್ಟಿದ್ದೆ. ತೆಗೆದು, ಮೂರು ಸಲ ತಿಕ್ಕಿ, ಬಿಸಿಲಿಗೆ ಹಾಕಿದ್ದೇನೆ. ಮರಿಯನ್ನು ನೀನು ಬಂದ ಮೇಲೆ ನಿನ್ನ ಎದುರೇ ಬಿಡಿಸಿ ಕೊಡುತ್ತೇನೆ. ನಾಲ್ಕು ಎಲೆ ಬಂದಿದೆ, ಒತ್ತಿ ನೋಡಿದ್ದೇನೆ, ಗಟ್ಟಿ ಇದೆ.

ಅಲ್ಲೂ ನೀನು ಒಂದು ತೊಟ್ಟಿ ಇಟ್ಟು ಮೀನು ಬಿಡುವವಳೇ. ನೀನು ನನಗೆ ಚೀಟಿ ಅಂಟಿಸಿ ಹೋಗಿದ್ದೆಯಲ್ಲ, ಈಗ ನನ್ನದು ಕೇಳು. ದೀಪದ ಹೊತ್ತು ತಪ್ಪಿಸಬೇಡ. ಡ್ಯೂಟಿಯಿಂದ ಬಂದ ಗಡಿಬಿಡಿಯಲ್ಲಿ ಎರಡು ಸಲ ಕಾಳು ಹಾಕಬೇಡ. ಸೆಕೆಗೆ ಫ್ಯಾನ್ ಹಾಕು, ಮುಚ್ಚಳ ತೆಗೆದಿಡು. ಐಸಿನ ವಿಷಯ ನಿನಗೆ ಹೇಳಬೇಕಾಗಿಲ್ಲ, ಆದರೂ ಚೀಟಿ ಎಂದ ಮೇಲೆ ಪೂರ್ತಿ ಇರಬೇಕು. ಬೈಂದೂರಿನ ನೀರು ಬೇರೆ, ಮೊದಲಿಗೆ ಎಲೆಯೆಲ್ಲ ಕರಗಿ ಹೋದರೂ ಹೋದೀತು. ಆಗ ಕೀಳಬೇಡ. ಏನು ಮಾಡಬೇಕೆಂದು ತಿಳಿಯದಿದ್ದರೆ ನನಗೆ ಹೇಳು, ಬಸ್ಸು ಬೇಕಾದಷ್ಟಿವೆ.

ಕ್ವಾರ್ಟರ್ಸಿನಲ್ಲಿ ನಾಲ್ಕು ಜನ ಬಂದು ಇದೇನು ಗಿಡ, ಇದಕ್ಕೆ ಹೆಸರೇನು ಎಂದು ಕೇಳಿಯೇ ಕೇಳುತ್ತಾರೆ. ಬ್ರಹ್ಮಾವರದವಳು ಎಂದು ಹೇಳಬೇಡ. ಅವಳು ಇಲ್ಲಿ ನನ್ನ ಎದುರು ಇದ್ದಾಳೆ. ಇದು ಹುಟ್ಟಿದ್ದು ಈ ಮನೆಯಲ್ಲಿ. ಗಂಗೊಳ್ಳಿಯವಳು ಎಂದು ಹೇಳು.

ನೀನು ಎಲ್ಲಿಯವಳು ಎಂದು ಕೇಳಿದರೂ ಅದನ್ನೇ ಹೇಳು.

ಇತಿ,
ಪದ್ದು